ರೈತರ ಸಂತೆಯೂ ನಮ್ಮ ಕೈಚೀಲವೂ

ಮುಂಬಯಿಯ ಬಡಾವಣೆಗಳಲ್ಲಿ ನಡೆಯುವ ರೈತರ ವಾರದ ಸಂತೆಗಳನ್ನು ಕುರಿತು ಈಚೆಗೆ ನಮ್ಮ ಕಾರ್ಯಾಲಯಕ್ಕೆ ಬಂದ ಓಲೆಗಳೆಲ್ಲ ಹೆಚ್ಚುಕಡಿಮೆ ಒಂದೇ ಧಾಟಿಯವು. ದರ ಅಷ್ಟೇನೂ ಅಗ್ಗವಲ್ಲ. ಟೊಮೆಟೊ ಒಂದು ದೊಡ್ಡದಾದರೆ ಇನ್ನೊಂದು ಚಿಕ್ಕದು. ಹನ್ನೊಂದು ಗಂಟೆಗೆ ಹೋದರೆ ಸೊಪ್ಪೆಲ್ಲ ಮುಗಿದಿರುತ್ತದೆ. ಕೊತ್ತಂಬರಿಯನ್ನು ಕೊಸರು ಕೇಳಿದರೆ ಮಾರುವವನು ಮುಖ ತಿರುಗಿಸುತ್ತಾನೆ. ಬರೆದವರಲ್ಲಿ ಬಹುಮಂದಿ ಬ್ಯಾಂಕು, ವಿಮೆ, ರೈಲ್ವೆ ಕಚೇರಿಗಳಲ್ಲಿ ದುಡಿಯುವ ನಮ್ಮ ಗುಮಾಸ್ತ ಬಂಧುಗಳು. ಹೊಟೇಲು ಕಾರ್ಮಿಕರಿಂದ ಮಾತ್ರ ಈ ಬಗ್ಗೆ ಒಂದೇ ಒಂದು ಓಲೆಯೂ ಬಂದಿಲ್ಲ. ಅದೇಕೆ ಬಂದಿಲ್ಲವೆಂಬುದನ್ನು ಮುಂದೆ ಹೇಳುವೆವು. ನಮ್ಮ ದೃಷ್ಟಿಯಲ್ಲಿ ಬಂದ ದೂರುಗಳಿಗಿಂತ ಬಾರದ ಆ ದೂರೇ ಹೆಚ್ಚು ಗುರುತರವಾದುದು.

ಕಾಯಿಪಲ್ಲೆಯ ಮಾತು ಪತ್ರಿಕೆಯ ಅಗ್ರಲೇಖನಕ್ಕೆ ತಕ್ಕುದೇ ಎಂದು ಹುಬ್ಬೇರಿಸುವವರು ಒಂದು ಸಂಗತಿಯನ್ನು ನೆನೆಯಬೇಕು. ಈ ನಗರದಲ್ಲಿ ಕನ್ನಡಿಗನ ಹೆಸರು ನಿಂತದ್ದು ಸಾಂಬಾರಿನ ಬಟ್ಟಲ ಮೇಲೆ. ಮಾಟುಂಗದಲ್ಲಿ 1942ರಲ್ಲಿ ತೆರೆದ ಉಡುಪಿ ಶ್ರೀಕೃಷ್ಣ ಬೋರ್ಡಿಂಗಿನಂಥ ಊಟದ ಮನೆಗಳು ಹಸಿದು ಬಂದವರಿಗೆ ಬಾಳೆಯೆಲೆಯ ಮೇಲೆ ಪಲ್ಯ, ಹುಳಿ, ಸಾರು ಬಡಿಸಿ ನಮ್ಮವರಿಗೆ ಇಲ್ಲಿ ಒಂದು ಸ್ಥಾನವನ್ನು ಗಳಿಸಿಕೊಟ್ಟವು. ಆ ಪಲ್ಯದ ಬೀನ್ಸು, ಆ ಹುಳಿಯ ಕುಂಬಳ ಎಲ್ಲಿಂದ ಬಂತು, ಬೆಳೆದವನಿಗೆ ಏನು ಸಿಕ್ಕಿತು ಎಂದು ವಿಚಾರಿಸುವುದು ತರಕಾರಿಯಿಂದಲೇ ಬದುಕಿದ ಸಮಾಜಕ್ಕೆ ಹೊರಗಿನ ವಿಷಯವಾಗಲಾರದು.

ಸಂತೆಯ ಪೂರ್ವಕಥೆಯನ್ನು ಸ್ವಲ್ಪದರಲ್ಲಿ ಹೇಳಿಬಿಡುವೆವು. ಮಹಾರಾಷ್ಟ್ರದ 1963ರ ಕೃಷಿ ಉತ್ಪನ್ನ ಮಾರುಕಟ್ಟೆ ಕಾನೂನು ಬಂದುದು ರೈತನ ಹಿತಕ್ಕಾಗಿಯೇ. ಬಹಿರಂಗವಾದ ಹರಾಜು, ನ್ಯಾಯವಾದ ತೂಕ, ತಡವಿಲ್ಲದೆ ಹಣ, ಇವು ಅದರ ಉದ್ದೇಶಗಳಾಗಿದ್ದುವು. ಮುಂಬಯಿಯ ಸಗಟು ಪೇಟೆಗಳು ಹಂತಹಂತವಾಗಿ ಖಾಡಿಯ ಆಚೆಯ ವಾಶಿಗೆ ಸಾಗಿದುವು. ಪೇಟೆಗೆ ವಿಶಾಲವಾದ ಜಾಗ ಸಿಕ್ಕಿತು, ನಿಜ. ಆದರೆ ಹೊಲಕ್ಕೂ ನಮ್ಮ ಒಲೆಗೂ ನಡುವೆ ನಿಂತ ಕೈಗಳು ಕಡಮೆಯಾಗಲಿಲ್ಲ. ಊರಲ್ಲಿ ಮಾಲು ಕೂಡಿಸುವವನು, ಲಾರಿಯವನು, ಹಮಾಲ, ದಲಾಲ, ಸಗಟಿನವನು, ಚಿಲ್ಲರೆಯವನು, ಕೊನೆಗೆ ನಮ್ಮ ಚಾಳಿನ ಮೂಲೆಯ ಭಾಜಿವಾಲಾ, ಇಷ್ಟು ಮಂದಿಯ ಕೈದಾಟಿ ಒಂದು ಬದನೆಕಾಯಿ ಮನೆಯನ್ನು ತಲಪಬೇಕು. ಇವರಲ್ಲಿ ಯಾರನ್ನೂ ಕಳ್ಳರೆಂದು ನಾವು ಕರೆಯುವುದಿಲ್ಲ. ಆದರೆ ಪ್ರತಿಯೊಂದು ಕೈಯೂ ತನ್ನ ಕೂಲಿಯನ್ನೂ, ಕೊಳೆತ ಮಾಲಿನ ನಷ್ಟವನ್ನೂ ಮುಂದಿನವನ ತಲೆಗೆ ಹೊರಿಸುತ್ತ ಹೋಗುವುದರಿಂದ, ಕಟ್ಟಕಡೆಗೆ ಆ ಭಾರವನ್ನು ಹೊರುವವರು ಇಬ್ಬರೇ: ಬೆಳೆದವನೂ ತಿನ್ನುವವನೂ.

2024ರಲ್ಲಿ ಪ್ರಕಟವಾದ ಭಾರತೀಯ ರಿಸರ್ವ್ ಬ್ಯಾಂಕಿನ ಸಂಶೋಧನ ಪ್ರಬಂಧಗಳು ಈ ಲೆಕ್ಕವನ್ನು ಮಾಡಿವೆ. ಗಿರಾಕಿಯು ಕೊಡುವ ಒಂದು ರೂಪಾಯಿಯಲ್ಲಿ ಟೊಮೆಟೊ ಬೆಳೆದವನಿಗೆ ಸಲ್ಲುವುದು ಸುಮಾರು 33 ಪೈಸೆ. ನೀರುಳ್ಳಿಗೆ 36, ಬಟಾಟೆಗೆ 37. ಬಾಳೆಹಣ್ಣಿಗೆ ಇನ್ನೂ ಕಡಮೆ, 31. ಹತ್ತಿರ ಹತ್ತಿರ ಮೂರರಲ್ಲಿ ಎರಡು ಪಾಲು ನಡುದಾರಿಯಲ್ಲೇ ಕರಗುತ್ತದೆಂದಾಯಿತು. ಇದೂ ಸರಾಸರಿಯ ಮಾತು. ದರ ಬಿದ್ದ ದಿನ ಏನಾಗುವುದೆಂಬುದಕ್ಕೆ ನಮ್ಮ ನಾಡಿನದೇ ಒಂದು ದೃಷ್ಟಾಂತವುಂಟು. 2022ರ ನವೆಂಬರಿನಲ್ಲಿ ಗದಗ ಜಿಲ್ಲೆಯ ರೈತನೊಬ್ಬನು 205 ಕಿಲೋ ನೀರುಳ್ಳಿಯನ್ನು ನಾನೂರು ಕಿಲೋಮೀಟರಿಗೂ ಮಿಕ್ಕಿದ ದಾರಿ ಸಾಗಿಸಿ ಬೆಂಗಳೂರಿನ ಯಶವಂತಪುರ ಪೇಟೆಗೆ ತಂದನು. ಕ್ವಿಂಟಲಿಗೆ ಇನ್ನೂರು ರೂಪಾಯಿಯಂತೆ ಬಂದ ಹಣ 410 ರೂಪಾಯಿ. ಹಮಾಲಿ 24, ಸಾಗಾಟ 377 ರೂಪಾಯಿ 64 ಪೈಸೆ ಕಳೆದು ಅವನ ಕೈಗೆ ಬಂದುದು 8 ರೂಪಾಯಿ 36 ಪೈಸೆ. ಆ ಚೀಟಿಯ ಚಿತ್ರವನ್ನು ಅಂದು ದೇಶವೆಲ್ಲ ನೋಡಿತು. ಅದೇ ವಾರ ಮುಂಬಯಿಯಲ್ಲಾಗಲಿ ಬೆಂಗಳೂರಿನಲ್ಲಾಗಲಿ ಯಾವ ಹೊಟೇಲಿನವನೂ ನೀರುಳ್ಳಿ ದೋಸೆಯ ದರವನ್ನು ಇಳಿಸಲಿಲ್ಲ.

2016ರ ಜುಲೈಯಲ್ಲಿ ಮಹಾರಾಷ್ಟ್ರ ಸರಕಾರವು ಹಣ್ಣು ತರಕಾರಿಗಳನ್ನು ಮಾರುಕಟ್ಟೆ ಸಮಿತಿಗಳ ಕಟ್ಟುಪಾಡಿನಿಂದ ಬಿಡಿಸಿ, ರೈತನು ತನ್ನ ಮಾಲನ್ನು ಇಷ್ಟಬಂದಲ್ಲಿ ಮಾರಬಹುದೆಂದು ವಿಧಿಸಿತು. ಅದೇ ವರ್ಷ ವಿಧಾನಭವನದ ಆವರಣದಲ್ಲಿಯೇ ಒಂದು ವಾರದ ಸಂತೆ ಆರಂಭವಾಯಿತು. ಈ ಸಂತೆಗಳಿಗೆ ಸಂತ ಸಾವತಾ ಮಾಳಿಯ ಹೆಸರನ್ನು ಇಟ್ಟುದು ಬಹಳ ಉಚಿತವಾಯಿತು. ಸೊಲ್ಲಾಪುರ ಸೀಮೆಯ ಅರಣ ಗ್ರಾಮದ ಈ ತೋಟಗಾರ ಸಂತನು, ಪಂಢರಪುರ ಅಷ್ಟು ಸಮೀಪದಲ್ಲಿದ್ದರೂ, ತೋಟದ ಕೆಲಸ ಬಿಟ್ಟು ಯಾತ್ರೆಗೆ ಹೋಗಲಿಲ್ಲವಂತೆ. ತನ್ನ ಕಾಯಿಪಲ್ಲೆಯ ಪಾತಿಗಳಲ್ಲಿಯೇ ವಿಠ್ಠಲನನ್ನು ಕಂಡನೆಂದು ಪ್ರತೀತಿ. ವಿಠ್ಠಲನು ಮರಾಠಿಗರಿಗೆಷ್ಟೋ ನಮಗೂ ಅಷ್ಟೇ ಆದುದರಿಂದ ಈ ಹೆಸರು ನಮಗೆ ಪರಕೀಯವಲ್ಲ.

ಇನ್ನು ದೂರುಗಳ ವಿಚಾರ.

ದರ ಅಗ್ಗವಲ್ಲವೆಂಬ ದೂರಿನಲ್ಲಿ ಅಲ್ಪಸ್ವಲ್ಪ ನಿಜವುಂಟು. ಕೆಲವು ದಿನ, ಕೆಲವು ಕಾಯಿಗಳಿಗೆ, ಮೂಲೆಯ ಭಾಜಿವಾಲಾನ ದರವೇ ಒಂದೆರಡು ರೂಪಾಯಿ ಕಡಮೆ ಇರುವುದು. ಆದರೆ ಹಿಂದಿನ ಸಂಜೆ ಕಿತ್ತು ರಾತ್ರಿಯೆಲ್ಲ ಟೆಂಪೋದಲ್ಲಿ ಬಂದ ಮೆಂತೆಯ ಕಟ್ಟು ಮನೆಯಲ್ಲಿ ಮೂರು ದಿನ ನಿಲ್ಲುತ್ತದೆ. ನಾಲ್ಕು ಕೈ ದಾಟಿ, ನೀರು ಚಿಮುಕಿಸಿ ಚಿಮುಕಿಸಿ ಹಸಿರಾಗಿ ತೋರಿಸಿದ ಕಟ್ಟು ಮಾರನೆಯ ದಿನವೇ ಅರ್ಧ ಕೊಳೆತಿರುತ್ತದೆ. ಗೃಹಿಣಿಯರು ಈ ಲೆಕ್ಕವನ್ನು ಬಲ್ಲರು. ಕೈಚೀಲ ಹಿಡಿದು ಬರುವ ಯಜಮಾನರು ಬಲ್ಲವರಾಗಿ ಕಾಣುವುದಿಲ್ಲ. ಟೊಮೆಟೊಗಳ ಗಾತ್ರದ ದೂರಂತೂ ನಮಗೆ ನಗು ತರಿಸಿತು. ಸಗಟು ಪೇಟೆಯಲ್ಲಿ ಆರಿಸಿ ವಿಂಗಡಿಸುತ್ತಾರೆ, ಆದುದರಿಂದ ಅಂಗಡಿಯಲ್ಲಿ ಎಲ್ಲವೂ ಒಂದೇ ಅಚ್ಚಿನಲ್ಲಿ ಎರಕ ಹೊಯ್ದಂತೆ ಇರುವುವು. ರೈತನ ಗಿಡದಲ್ಲಿ ಅವು ಹಾಗೆ ಹುಟ್ಟುವುದಿಲ್ಲ. ಸಾರಿಗೆ ಕಿವುಚಿ ಹಾಕುವ ಹಣ್ಣಿಗೆ ಗಾತ್ರದ ಗೊಡವೆ ಏಕೆ?

ಆದರೆ ಚೌಕಾಶಿಯ ವಿಷಯದಲ್ಲಿ ನಮಗೆ ನಗು ಬರುವುದಿಲ್ಲ. ಠಾಣೆಯ ಕಡೆಯ ಒಂದು ಸಂತೆಯಲ್ಲಿ ನಾವು ಕಣ್ಣಾರೆ ಕಂಡುದನ್ನು ಹೇಳುವೆವು. ನಮ್ಮವರೇ ಒಬ್ಬರು, ಒಳ್ಳೆಯ ನೌಕರಿಯಲ್ಲಿರುವವರು, ಕೊತ್ತಂಬರಿ ಮಾರುತ್ತಿದ್ದ ಮುದುಕಿಯೊಡನೆ ಎರಡು ಕಟ್ಟಿಗೆ ಐದು ರೂಪಾಯಿ ಇಳಿಸಬೇಕೆಂದು ಬಹಳ ಹೊತ್ತು ವಾದಿಸುತ್ತಿದ್ದರು. "ಭಾವೂ, ಇದು ನಾನೇ ಬೆಳೆದದ್ದು" ಎಂದು ಅವಳು ಎರಡು ಸಲ ಹೇಳಿದಳು. "ಬೆಳೆದದ್ದಾದರೆ ನಿನಗೇನು ಖರ್ಚು?" ಎಂದು ಇವರು ಕೇಳಿದರು. ಈ ಮಾತನ್ನು ಕೇಳಿ ನಾವು ಅಲ್ಲಿಂದ ಸರಿದುಬಂದೆವು. ಬೀಜ, ಗೊಬ್ಬರ, ಪಂಪಿನ ವಿದ್ಯುತ್ತು, ನಲವತ್ತೈದು ದಿನಗಳ ಕಳೆ ಕೀಳುವಿಕೆ, ಟೆಂಪೋದ ಪಾಲು, ರಾತ್ರಿಯ ನಿದ್ದೆ, ಇವು ಯಾವುವೂ ಆ ಮಹಾಶಯರ ಖರ್ಚಿನ ಪಟ್ಟಿಯಲ್ಲಿ ಬರುವುದಿಲ್ಲವೆಂದು ತೋರುತ್ತದೆ. ಇದೇ ಮಹಾಶಯರು ಹತ್ತು ನಿಮಿಷದಲ್ಲಿ ಮನೆಬಾಗಿಲಿಗೆ ಸಾಮಾನು ತಲಪಿಸುವ ಕಂಪೆನಿಗಳಿಂದ ಮೊಬೈಲಿನಲ್ಲಿ ತರಕಾರಿ ತರಿಸುವಾಗ, ತಲಪಿಸುವ ಶುಲ್ಕ, ನಿರ್ವಹಣೆಯ ಶುಲ್ಕ, ಮಳೆ ಬಂದರೆ ಮಳೆಯ ಶುಲ್ಕ ಎಂದು ಏನೇನು ಬರೆದಿದ್ದರೂ ತುಟಿಪಿಟಕ್ಕೆನ್ನದೆ ಹಣ ತೆರುತ್ತಾರೆ. ಮೊಬೈಲಿನ ಪರದೆಯೊಡನೆ ಚೌಕಾಶಿ ಸಾಗದು, ಮುದುಕಿಯೊಡನೆ ಸಾಗುತ್ತದೆ.

ಕೊತ್ತಂಬರಿಯನ್ನೂ ಕರಿಬೇವನ್ನೂ ಕೊಸರು ಕೇಳುವ ರೂಢಿಯೊಂದು ಈ ನಗರದಲ್ಲಿ ಬಹಳ ಹಿಂದಿನಿಂದ ಬಂದಿದೆ. ಹತ್ತು ತರದ ತರಕಾರಿ ಮಾರುವ ಭಾಜಿವಾಲಾನಿಗೆ ಅದು ಗಿರಾಕಿಯನ್ನು ಹಿಡಿದಿಡುವ ಉಪಾಯ. ಅದರ ಬೆಲೆಯನ್ನು ಅವನು ಬೇರೆ ಕಾಯಿಯಲ್ಲಿ ಸೇರಿಸಿಕೊಂಡಿರುತ್ತಾನೆ. ಕೊತ್ತಂಬರಿಯನ್ನೇ ಬೆಳೆದು ತಂದವಳೊಡನೆ ಅದನ್ನೇ ಪುಕ್ಕಟೆ ಕೇಳುವುದು ಬೇರೆಯೇ ಮಾತು. ನಮ್ಮಲ್ಲಿ ಬಹುಮಂದಿಯ ಅಜ್ಜಂದಿರು ಕರಾವಳಿಯಲ್ಲಿ ಗೇಣಿ ಒಕ್ಕಲುಗಳಾಗಿದ್ದವರು. 1974ರ ಭೂಸುಧಾರಣೆಯಿಂದ ಕೆಲವರಿಗೆ ಉಳುವ ಹೊಲ ಸ್ವಂತವಾಯಿತು; ಅದಕ್ಕೆ ಮೊದಲೇ ಮನೆ ಬಿಟ್ಟ ಹುಡುಗರು ಹಡಗಿನಲ್ಲೋ ಬಸ್ಸಿನಲ್ಲೋ ಇಲ್ಲಿಗೆ ಬಂದು ಲೋಟ ತೊಳೆಯಲು ನಿಂತರು. ಗೇಣಿಯ ಅಕ್ಕಿ ಅಳೆದು ಕೊಟ್ಟ ಮೇಲೆ ಉಳಿದ ಬಸಳೆಯನ್ನೂ ಸೌತೆಯನ್ನೂ ತಲೆಯ ಮೇಲೆ ಹೊತ್ತು ಸಂತೆಗೆ ಹೋಗುತ್ತಿದ್ದ ಅಜ್ಜಿಯರ ಮೊಮ್ಮಕ್ಕಳು ನಾವು. ಆ ಅಜ್ಜಿಯರೊಡನೆಯೂ ಯಾರೋ ಹೀಗೆಯೇ ವಾದಿಸಿದ್ದಿರಬೇಕು.

ಚೌಕಾಶಿಯೇ ಕೂಡದೆಂದು ನಾವು ಹೇಳುವುದಿಲ್ಲ. ಸಂತೆಯೆಂದ ಮೇಲೆ ಎರಡು ಮಾತು ಇರತಕ್ಕದ್ದೇ. ಕೊಳೆತುದನ್ನು ಎತ್ತಿ ತೋರಿಸಬಹುದು, ತೂಕದ ಮುಳ್ಳನ್ನು ನೋಡಬಹುದು, ಐದು ಕಿಲೋ ಕೊಳ್ಳುವಾಗ ದರ ಕೇಳಬಹುದು. ನಾವು ಒಪ್ಪದಿರುವುದು ಹನ್ನೆರಡು ಗಂಟೆಯ ಗಿರಾಕಿಯನ್ನು. ಟೆಂಪೋ ಹಿಂದಿರುಗುವ ಹೊತ್ತಿಗೆ ಮಾರಾಟವಾಗದ ಮಾಲನ್ನು ರೈತ ಊರಿಗೆ ಒಯ್ಯಲಾರನೆಂಬುದನ್ನು ಬಲ್ಲ ಕೆಲವರು, ಬೇಕೆಂದೇ ಅಲ್ಲಿಯವರೆಗೆ ಕಾದಿದ್ದು, ಅರ್ಧ ಬೆಲೆಗೆ ಕೇಳುತ್ತಾರೆ. ಅವನೇ ದರ ಇಳಿಸಿ ಕೂಗಿದರೆ ಧಾರಾಳವಾಗಿ ಕೊಳ್ಳಿರಿ. ಕಾದು ಹಿಂಡುವುದು ಬೇರೆ.

ಇದರ ಜೊತೆಗೆ ಇನ್ನೊಂದನ್ನೂ ಹೇಳಬೇಕು. ರೈತರ ಸಂತೆಯೆಂಬ ಫಲಕದ ಕೆಳಗೆ ಕುಳಿತವರೆಲ್ಲ ರೈತರಲ್ಲ. ವಾಶಿಯಲ್ಲಿ ಬೆಳಿಗ್ಗೆ ಕೊಂಡು ಇಲ್ಲಿ ಹೊಲದ ಮಾಲೆಂದು ಮಾರುವವರೂ ಬಂದು ಸೇರುತ್ತಾರೆ. ಇದನ್ನು ಕಂಡುಹಿಡಿಯಲು ದೊಡ್ಡ ವಿದ್ಯೆ ಬೇಕಾಗಿಲ್ಲ. ಸಿಮ್ಲೆಯ ಸೇಬು, ಊಟಿಯ ಗಜ್ಜರಿ, ಕೇರಳದ ಸುವರ್ಣಗಡ್ಡೆ ಇವೆಲ್ಲ ಒಂದೇ ಹೊಲದಲ್ಲಿ ಬೆಳೆಯಲಾರವು. ರೈತರು ಕೂಡಿ ಕಟ್ಟಿದ ಕಂಪೆನಿಯ ಮಳಿಗೆಯಾದರೆ ಹತ್ತು ತರದ ಕಾಯಿ ಇರುವುದು ನ್ಯಾಯವೇ. ಆದರೆ ಒಬ್ಬನ ಗೋಣಿಯಲ್ಲಿ ಎರಡು ಮೂರು ತರಕ್ಕಿಂತ ಹೆಚ್ಚಿದ್ದರೆ ಊರು ಯಾವುದೆಂದು ಕೇಳಬೇಕು. ಯಾವ ಊರು, ಮಳೆ ಹೇಗಿದೆ, ಎಷ್ಟು ಗುಂಟೆಯಲ್ಲಿ ಹಾಕಿದ್ದೀರಿ ಎಂದು ಕೇಳಿದರೆ ಬೆಳೆದವನು ಮಾತು ನಿಲ್ಲಿಸುವುದಿಲ್ಲ. ಬೆಳೆಯದವನು ಮಾತು ತಿರುಗಿಸುತ್ತಾನೆ. ಇಷ್ಟರಿಂದ ಭಾಜಿವಾಲಾನನ್ನು ಹೀನೈಸಬೇಕಾಗಿಲ್ಲ. ಬೆಳಗಿನ ಜಾವಕ್ಕೆ ಎದ್ದು ದಾದರಿಗೋ ವಾಶಿಗೋ ಹೋಗಿ ಮಾಲು ತಂದು, ರಾತ್ರಿಯ ತನಕ ಫುಟ್‌ಪಾತಿನಲ್ಲಿ ಕುಳಿತು ಹೊಟ್ಟೆ ಹೊರೆಯುವವನು ಅವನು. ಅವನ ಸ್ಥಾನ ಅವನಿಗಿರಲಿ, ರೈತನ ಹೆಸರಿನಲ್ಲಿ ಬೇಡ.

ಫಲಕವಿಲ್ಲದ ರೈತರ ಸಂತೆಗಳೂ ಈ ನಗರದಲ್ಲಿವೆ, ಅವು ಸರಕಾರದ ಯೋಜನೆಗಳಿಗಿಂತ ಬಹಳ ಹಳೆಯವು. ವಸೈಯ ತೋಟಗಾರ ಹೆಂಗಸರು ಬೆಳಗಿನ ಲೋಕಲಿನಲ್ಲಿ ಬುಟ್ಟಿ ಹೊತ್ತು ಬಂದು ಪಶ್ಚಿಮದ ಉಪನಗರಗಳಲ್ಲಿ ತರಕಾರಿ, ಬಾಳೆ, ಮೊಟ್ಟೆ ಮಾರುವುದನ್ನು ಎಷ್ಟು ತಲೆಮಾರುಗಳು ನೋಡಿಲ್ಲ! ಮಳೆಗಾಲ ಹಿಡಿಯಿತೆಂದರೆ ಪಾಲ್ಘರ, ಕರ್ಜತ ಕಡೆಯ ಆದಿವಾಸಿ ಹೆಂಗಸರು ರೈಲು ನಿಲ್ದಾಣಗಳ ಹೊರಗೆ ಪ್ಲಾಸ್ಟಿಕ್ಕಿನ ಹಾಳೆ ಹಾಸಿ ಕೂರುತ್ತಾರೆ. ಅವರ ಮುಂದೆ ಹರಡಿದುದನ್ನು ನಮ್ಮವರು ಕಾಡಿನ ಕಸವೆಂದು ದಾಟಿಹೋಗುವುದನ್ನು ನೋಡಿ ನಮಗೆ ಸೋಜಿಗವಾಗುತ್ತದೆ. ಅವರು 'ಟಾಕಳಾ' ಎಂದು ಕೂಗಿ ಮಾರುವ ಸೊಪ್ಪು ಬೇರೆ ಯಾವುದೂ ಅಲ್ಲ, ಕನ್ನಡದ ತಗಚೆ, ತುಳುವರ ತಜಂಕ್. ಆಟಿ ತಿಂಗಳಲ್ಲಿ ಊರಿನ ಮನೆಯಲ್ಲಿ ಅಂಬಡೆ ಮಾಡಿ ಉಣ್ಣುತ್ತಿದ್ದುದು. 'ಕರಟೋಲಿ' ಎಂದರೆ ಮಡಹಾಗಲ. 'ಅಳೂ' ಎಂದರೆ ಪತ್ರೊಡೆಯ ಕೆಸು. ಎಳೆಯ ಬಿದಿರಿನ ಕಣಿಲೆಯೂ, ಬಾಳೆಯ ಹೂವೂ ಅಲ್ಲಿಯೇ ಸಿಗುತ್ತವೆ. ಈ ಪದಾರ್ಥಗಳಿಗಾಗಿ ನಮ್ಮ ಸಂಘಗಳು ವರ್ಷಕ್ಕೊಂದು ದಿನ 'ಆಟಿಡೊಂಜಿ ದಿನ' ಆಚರಿಸಿ, ಊರಿನಿಂದ ಬಸ್ಸಿನ ಪಾರ್ಸೆಲಿನಲ್ಲಿ ಸೊಪ್ಪು ತರಿಸಿ, ಭಾಷಣ ಮಾಡಿ, ಊಟ ಬಡಿಸುತ್ತವೆ. ಅದೇ ಸೊಪ್ಪು ಸಭಾಗೃಹದಿಂದ ನಾಲ್ಕು ಹೆಜ್ಜೆಯಾಚೆ, ನಿಲ್ದಾಣದ ಮೆಟ್ಟಿಲ ಬಳಿ, ಮಳೆಯಲ್ಲಿ ನೆನೆಯುತ್ತ ಗಿರಾಕಿಗಾಗಿ ಕಾದಿರುತ್ತದೆ. ಹೆಸರು ಬೇರೆಯಾದುದೊಂದೇ ಅಡ್ಡಿ. ಪಾಲಿಕೆಯ ಗಾಡಿ ಬಂತೆಂದರೆ ಆ ಹೆಂಗಸರು ಹಾಳೆಯನ್ನು ಮುದುಡಿ ಓಡಬೇಕು. ಬಿಟ್ಟುಹೋದ ಸೊಪ್ಪು ಕಾಲ್ತುಳಿತವಾಗುವುದು.

ಈಗ ಹೊಟೇಲುಗಳ ಮಾತಿಗೆ ಬರುವೆವು. ಹೊಟೇಲಿನ ಯಜಮಾನರು ರೈತರಿಂದಲೇ ತರಕಾರಿ ಕೊಳ್ಳಲಿ ಎಂದು ಉಪದೇಶಿಸುವುದು ಸುಲಭ. ಗಲ್ಲೆಯ ಹಿಂದೆ ಕುಳಿತು ತರಕಾರಿಯ ಚೀಟಿಗಳನ್ನು ವರ್ಷಗಟ್ಟಲೆ ನೋಡಿದ ನಮಗೆ ಅದರ ಕಷ್ಟ ಗೊತ್ತಿರುವುದರಿಂದ ಅಂಥ ಉಪದೇಶ ಮಾಡಲಾರೆವು. ಹೊಟೇಲಿಗೆ ಮಾಲು ಬೇಕಾದುದು ವಾರಕ್ಕೊಮ್ಮೆಯಲ್ಲ, ದಿನವೂ, ಅದೂ ಭಟ್ಟರು ಒಲೆ ಹಚ್ಚುವ ಮೊದಲು. ಮಸಾಲೆದೋಸೆಯ ಪಲ್ಯಕ್ಕೆ ಒಂದೇ ತೆರನ ಬಟಾಟೆಯ ಗೋಣಿ ಬೇಕು, ಇಲ್ಲವಾದರೆ ಅರ್ಧ ಬೇಯುತ್ತದೆ, ಅರ್ಧ ಕರಗುತ್ತದೆ. ಎಲ್ಲಕ್ಕಿಂತ ಮಿಗಿಲಾಗಿ ಹೊಟೇಲಿನವನಿಗೆ ಉದ್ದರಿ ಬೇಕು. ಸರಬರಾಜಿನವನು ಹದಿನೈದು ದಿನ ತಡೆಯುತ್ತಾನೆ. ಸಂಜೆ ಊರು ಸೇರಬೇಕಾದ ರೈತ ಒಂದು ಗಳಿಗೆಯೂ ತಡೆಯಲಾರ, ತಡೆಯಬೇಕೆಂದು ಕೇಳುವುದೂ ನ್ಯಾಯವಲ್ಲ. ಆದುದರಿಂದ ಈಗಿನ ಸಂತೆಯಿಂದ ಹೊಟೇಲಿನ ಒಲೆ ಉರಿಯದು. ಆದರೂ ಹತ್ತಾರು ಹೊಟೇಲಿನವರು ಕೂಡಿ, ಒಂದೇ ಊರಿನ ರೈತರ ಗುಂಪಿನೊಡನೆ ವರ್ಷದ ದರವನ್ನು ಗೊತ್ತುಮಾಡಿಕೊಂಡರೆ ಇಬ್ಬರಿಗೂ ನೆಮ್ಮದಿಯಾದೀತು. 2023ರ ಜುಲೈಯಲ್ಲಿ ಟೊಮೆಟೊ ಹಲವು ನಗರಗಳಲ್ಲಿ ಕಿಲೋಗೆ ನೂರೈವತ್ತು ರೂಪಾಯಿಯನ್ನೂ ದಾಟಿದಾಗ ಹೊಟೇಲಿನವರು ಸಾರಿಗೆ ಹುಣಿಸೆಯನ್ನು ಕಿವುಚಿದರು. ಸೆಪ್ಟೆಂಬರಿನಲ್ಲಿ ದರ ಕುಸಿದು ನಾಸಿಕದ ಕಡೆಯ ರೈತರು ಅದೇ ಟೊಮೆಟೊವನ್ನು ರಸ್ತೆಗೆ ಸುರಿದರು. ಎರಡು ತಿಂಗಳ ಅಂತರದಲ್ಲಿ ಮೊದಲು ಒಬ್ಬರು, ಆಮೇಲೆ ಇನ್ನೊಬ್ಬರು ಅತ್ತರು. ಈ ವಿಷಯ ದೊಡ್ಡದು, ಇನ್ನೊಮ್ಮೆ ಬರೆಯುವೆವು.

ನಮ್ಮ ಚಿಂತೆ ಹೊಟೇಲಿನ ಒಲೆಗಿಂತ ಹೊಟೇಲಿನಲ್ಲಿ ದುಡಿಯುವವನ ಒಲೆಯದು. ಹೊಟೇಲಿನಲ್ಲಿಯೇ ಉಂಡು ಹೊಟೇಲಿನಲ್ಲಿಯೇ ಮಲಗುವ ಹುಡುಗನಿಗೆ ತರಕಾರಿಯ ಸಂತೆ ಏಕೆ ಎಂದು ಕೇಳುವವರು ಹಳೆಯ ಕಾಲದಲ್ಲಿಯೇ ನಿಂತಿದ್ದಾರೆ. ಇಂದು ಎಷ್ಟೋ ಕಾರ್ಮಿಕರು ಸಂಸಾರವಂದಿಗರು. ನಾಲಾಸೋಪಾರಾ, ವಿರಾರ, ಡೊಂಬಿವಲಿ, ಕಲ್ಯಾಣಗಳ ಒಂದು ಕೋಣೆಯ ಮನೆಗಳಲ್ಲಿ ಹೆಂಡತಿ ಮಕ್ಕಳಿದ್ದಾರೆ. ಹೊಟೇಲಿನ ಬಾಗಿಲು ಮುಚ್ಚಿ, ನೆಲ ತೊಳೆದು, ರಾತ್ರಿ ಹನ್ನೊಂದರ ಲೋಕಲು ಹಿಡಿದು ಇವನು ನಿಲ್ದಾಣದಲ್ಲಿ ಇಳಿಯುವಾಗ, ಹೊರಗೆ ಉಳಿದಿರುವುದು ದಿನವೆಲ್ಲ ಎಲ್ಲರೂ ಮುಟ್ಟಿ ಮುಟ್ಟಿ ಬಿಟ್ಟ ಬೆಂಡೆಕಾಯಿ, ಬಾಡಿದ ಪಾಲಕು, ಮೆತ್ತಗಾದ ಟೊಮೆಟೊ. ಅದನ್ನೇ ಕೊಂಡು ಮನೆಗೆ ಒಯ್ಯುತ್ತಾನೆ. ಬೆಳಗಿನಿಂದ ಸಂಜೆಯವರೆಗೆ ಗೋಣಿಗಟ್ಟಲೆ ಹೊಸ ತರಕಾರಿಯನ್ನು ಹೆಚ್ಚಿದ ಕೈ, ಸ್ವಂತ ಮಕ್ಕಳಿಗೆ ನಗರದ ಉಳಿಕೆಯನ್ನು ಕೊಂಡೊಯ್ಯುತ್ತದೆ.

ರೈತರ ಸಂತೆಯಿಂದ ಇವನಿಗೆ ಏನು ಪ್ರಯೋಜನ? ಸಂತೆ ಸಾಮಾನ್ಯವಾಗಿ ರವಿವಾರದ ಬೆಳಿಗ್ಗೆ. ಹೊಟೇಲಿನಲ್ಲಿ ವಾರದ ಅತ್ಯಂತ ದೊಡ್ಡ ಗದ್ದಲವೂ ಆಗಲೇ. ಗುಮಾಸ್ತ ಬಂಧುಗಳು ಸಂತೆ ಮುಗಿಸಿ ಚೀಲವನ್ನು ಮೇಜಿನ ಕೆಳಗಿಟ್ಟು ಇಡ್ಲಿವಡೆ ತಿನ್ನುವಾಗ ಅದನ್ನು ತಂದುಕೊಡುವವನಿಗೆ ಆ ಚೀಲದಲ್ಲಿರುವ ಸೊಪ್ಪನ್ನು ನೋಡುವ ಭಾಗ್ಯ ಮಾತ್ರ. ಅವನ ಓಲೆ ನಮಗೆ ಬಾರದಿರುವುದಕ್ಕೆ ಕಾರಣ ಇದೇ. ಎಂದೂ ಹೋಗದ ಸಂತೆಯ ಬಗ್ಗೆ ಅವನು ಏನೆಂದು ದೂರಿಯಾನು?

ಸಂತೆ ವಾರಕ್ಕೊಮ್ಮೆಯೇ ನಡೆಯಬೇಕೆಂಬ ನಿಯಮ ಎಲ್ಲಿಯೂ ಇಲ್ಲ. ಪಂಜಾಬಿನಲ್ಲಿ 1987ರಲ್ಲಿಯೇ 'ಅಪ್ನೀ ಮಂಡಿ'ಗಳು ಆರಂಭವಾಗಿದ್ದುವು. ಹೈದರಾಬಾದಿನ ನಮ್ಮ ವಾಚಕರು 'ರೈತು ಬಜಾರು'ಗಳನ್ನು ಚೆನ್ನಾಗಿ ಬಲ್ಲರು. 1999ರ ಜನವರಿ 26ರಂದು ಅಂದಿನ ಆಂಧ್ರಪ್ರದೇಶದಲ್ಲಿ ಆರಂಭವಾದ ಇವು ನಿತ್ಯದ ಸಂತೆಗಳು. ಮೆಹದೀಪಟ್ಟಣ, ಎರ್ರಗಡ್ಡ, ಕೂಕಟಪಲ್ಲಿಗಳಲ್ಲಿ ಅವುಗಳಿಗೆ ಸ್ಥಿರವಾದ ಜಾಗವುಂಟು. ಅಧಿಕಾರಿಗಳು ಹೊಲಕ್ಕೆ ಹೋಗಿ ನೋಡಿ ರೈತನಿಗೆ ಗುರುತಿನ ಚೀಟಿ ಕೊಡುತ್ತಾರೆ, ಜಾಗಕ್ಕೆ ಬಾಡಿಗೆಯಿಲ್ಲ. ಸಗಟು ದರಕ್ಕಿಂತ ಮೇಲೆ, ಹೊರಗಿನ ಚಿಲ್ಲರೆ ದರಕ್ಕಿಂತ ಕೆಳಗೆ, ಎರಡರ ನಡುವೆ ಅಂದಂದಿನ ದರವನ್ನು ಬೆಳಿಗ್ಗೆ ಗೊತ್ತುಮಾಡಿ ಹಲಗೆಯ ಮೇಲೆ ಬರೆಯುತ್ತಾರೆ. ಅಲ್ಲಿಯೂ ದಲಾಲರು ರೈತರ ಚೀಟಿ ಹಿಡಿದು ನುಗ್ಗುವುದುಂಟೆಂಬ ದೂರು ಇಲ್ಲದಿಲ್ಲ. ಆದರೂ ಸರಕಾರಗಳು ಬದಲಾದುವು, 2014ರಲ್ಲಿ ರಾಜ್ಯವೇ ಎರಡಾಯಿತು, ಬಜಾರುಗಳು ಮಾತ್ರ ಉಳಿದುವು. ತಮಿಳುನಾಡಿನ 'ಉಳವರ್ ಸಂದೈ' ಅದೇ 1999ರ ನವೆಂಬರಿನಲ್ಲಿ ಮದುರೆಯಲ್ಲಿ ತೆರೆಯಿತು. ನಡುವೆ ಸರಕಾರ ಬದಲಾದಾಗ ಅದನ್ನು ಕಡೆಗಣಿಸಿದರು, 2006ರ ತರುವಾಯ ಪುನಃ ಚೇತರಿಸಿತು. ನಮ್ಮ ಬೆಂಗಳೂರಿನಲ್ಲಿಯೂ ಡಾ. ಮರಿಗೌಡರ ಮುತುವರ್ಜಿಯಿಂದ 1959ರಲ್ಲಿ ದ್ರಾಕ್ಷಿ ಬೆಳೆಗಾರರ ಸಹಕಾರ ಸಂಘವಾಗಿ ಹುಟ್ಟಿದ ಹಾಪ್‌ಕಾಮ್ಸ್, ಬೆಳೆಗಾರರ ಮಾಲನ್ನು ಮೂಲೆಮೂಲೆಯ ಮಳಿಗೆಗಳಲ್ಲಿ ಮಾರುವ ದಾರಿಯನ್ನು ತೋರಿಸಿತು. ಮುಂಬಯಿಯಲ್ಲಿ ಕ್ರಾಫರ್ಡ್ ಮಾರುಕಟ್ಟೆಗೆ ರೈತನ ಗೋಳನ್ನು ಕುರಿತು ಪುಸ್ತಕವನ್ನೇ ಬರೆದ ಮಹಾತ್ಮಾ ಫುಲೆಯವರ ಹೆಸರನ್ನು ಇಟ್ಟಿದ್ದಾರೆ. ಹೆಸರಿನಿಂದಾಚೆ ರೈತನಿಗೆ ಅಲ್ಲಿ ಕೂರಲು ಜಾಗವಿದೆಯೇ ಎಂಬುದನ್ನು ಹೋಗಿ ನೋಡಬಹುದು.

ಹೈದರಾಬಾದಿನಂತೆ ಎಕರೆಗಟ್ಟಲೆ ಜಾಗ ಮುಂಬಯಿಯಲ್ಲಿ ಸಿಗುವುದಿಲ್ಲವೆಂದು ಅಧಿಕಾರಿಗಳು ಹೇಳುವರು. ಅದು ಸುಳ್ಳಲ್ಲ. ಆದರೆ ನಾವು ಕೇಳುವುದು ಎಕರೆಯನ್ನಲ್ಲ, ಅಂಗಳವನ್ನು. ಕೇಳುತ್ತಿರುವುದೂ ಸರಕಾರವನ್ನಲ್ಲ, ನಮ್ಮವರನ್ನೇ. ಈ ನಗರದಲ್ಲಿ ಕನ್ನಡ, ತುಳು, ಕೊಂಕಣಿ ಸಮಾಜಗಳ ಸಂಘಗಳಿಗೆ ಸ್ವಂತ ಕಟ್ಟಡಗಳಿವೆ, ಸಭಾಗೃಹಗಳಿವೆ, ಗೇಟಿನೊಳಗೆ ಸಿಮೆಂಟು ಹಾಕಿದ ಅಂಗಳಗಳಿವೆ. ಹಿರಿಯರು ತಮ್ಮ ಗಲ್ಲೆಯಿಂದ ನಾಣ್ಯ ಕೂಡಿಸಿ, ಹೊಟೇಲು ಮಾಣಿಗಳು ಸಹ ತಮ್ಮ ಪಾಲು ಹಾಕಿ ಕಟ್ಟಿದ ಕಟ್ಟಡಗಳಿವು. ರವಿವಾರ ಮತ್ತು ಮುಹೂರ್ತದ ದಿನಗಳನ್ನು ಬಿಟ್ಟರೆ ವಾರದ ನಡುವಿನ ಮಧ್ಯಾಹ್ನಗಳಲ್ಲಿ ಆ ಅಂಗಳಗಳಲ್ಲಿ ವಾಚಮನ್ ಒಬ್ಬನೇ ಕುರ್ಚಿ ಹಾಕಿಕೊಂಡು ತೂಕಡಿಸುತ್ತಿರುತ್ತಾನೆ. ಆಷಾಢದಲ್ಲಂತೂ ಮದುವೆಯಿಲ್ಲ, ಮುಂಜಿಯಿಲ್ಲ. ತಗಚೆ, ಕೆಸು, ಕಣಿಲೆಗಳ ಸುಗ್ಗಿಯೂ ಅದೇ ಕಾಲದಲ್ಲಿ ಬರುತ್ತದೆ.

ಹೊಟೇಲು ಕಾರ್ಮಿಕನಿಗೆ ಬಿಡುವಿರುವುದು ಮಧ್ಯಾಹ್ನದ ಊಟದ ಗದ್ದಲ ಮುಗಿದ ಮೇಲೆ, ಸಂಜೆಯ ತಿಂಡಿ ಆರಂಭವಾಗುವ ಮೊದಲು, ಹೆಚ್ಚುಕಡಿಮೆ ಮೂರರಿಂದ ಐದು. ವಾರಕ್ಕೆ ಎರಡು ದಿನ, ಎರಡೂವರೆಯಿಂದ ಆರರವರೆಗೆ, ಸಂಘದ ಅಂಗಳವನ್ನು ವಸೈ, ಪಾಲ್ಘರ, ಕರ್ಜತ, ಪನವೇಲ ಕಡೆಯ ಬೆಳೆಗಾರರಿಗೆ ಬಿಟ್ಟುಕೊಡಬಾರದೇಕೆ? ದೂರದ ಜುನ್ನರ, ನಾರಾಯಣಗಾಂವದವರಿಗೆ ಈ ಹೊತ್ತು ಒಗ್ಗಲಾರದು. ಸಮೀಪದವರು ಬೆಳಿಗ್ಗೆ ಕಿತ್ತುದನ್ನು ಮಧ್ಯಾಹ್ನ ತಂದಾರು. ಕಚೇರಿ ಬಿಟ್ಟು ಬರುವ ಗುಮಾಸ್ತರಿಗೂ ಕೊನೆಯ ಅರ್ಧ ಗಂಟೆ ಸಿಕ್ಕೀತು. ಹೊಟೇಲಿನವನಂತೆ ಅವರೂ ಒಮ್ಮೆ ಉಳಿಕೆಯಲ್ಲಿ ಆರಿಸಿಕೊಳ್ಳಲಿ. ಕಾರ್ಮಿಕನು ಕೊಂಡ ಚೀಲವನ್ನು ರಾತ್ರಿಯವರೆಗೆ ಹೊಟೇಲಿನ ತಣ್ಣನೆಯ ಕೋಣೆಯಲ್ಲೋ, ಕೊನೆಗೆ ಸಾಮಾನಿನ ಕೋಣೆಯ ಮೂಲೆಯಲ್ಲೋ ಇಡಲು ಯಜಮಾನರು ಅಡ್ಡಿಮಾಡಬಾರದು. ತನ್ನ ಚೀಲವನ್ನು ಹೊಟೇಲಿನಿಂದ ಹೊರಗೆ ಒಯ್ಯುವವನನ್ನು ಬಾಗಿಲಲ್ಲಿ ಸಂಶಯದಿಂದ ನೋಡುವ ಪದ್ಧತಿ ಕೆಲವೆಡೆ ಇರುವುದರಿಂದ ಇದನ್ನು ಬಿಡಿಸಿ ಹೇಳಬೇಕಾಯಿತು. ಸಂತೆಯ ಚೀಲಕ್ಕೊಂದು ಚೀಟಿ ಅಂಟಿಸಿದರೆ ಸಂಶಯಕ್ಕೆ ಎಡೆಯಿಲ್ಲ.

ಕಾರ್ಯಕಾರಿ ಸಮಿತಿಗಳಲ್ಲಿ ಏಳುವ ಆಕ್ಷೇಪಗಳನ್ನು ನಾವು ಊಹಿಸಬಲ್ಲೆವು. ಅಂಗಳ ಹೊಲಸಾದೀತು. ಸಭಾಗೃಹದ ಅಂತಸ್ತು ಕೆಟ್ಟೀತು. ಒಮ್ಮೆ ಕೂತವರು ಏಳಲಾರರು. ಮೊದಲನೆಯದಕ್ಕೆ ಎರಡು ಪೊರಕೆ ಸಾಕು. ಬಫೆ ಊಟದ ಮರುದಿನದ ಅಂಗಳವನ್ನು ನೋಡಿದವರು ಈ ಮಾತನ್ನು ಎತ್ತಲಾರರು. ಎರಡನೆಯದಕ್ಕೆ ಉತ್ತರ ಕೊಡುವ ಇಚ್ಛೆ ನಮಗಿಲ್ಲ. ಮೂರನೆಯದು ವಿಚಾರಾರ್ಹ. ಆರು ತಿಂಗಳ ಬರಹದ ಕರಾರು ಮಾಡಿಕೊಳ್ಳಬೇಕು, ಬೆಳೆಗಾರನೆಂಬುದಕ್ಕೆ ಏಳು-ಬಾರಾ ಉತಾರದ ಪ್ರತಿಯನ್ನು ನೋಡಬೇಕು. ಸ್ವಂತ ಜಮೀನಿಲ್ಲದ ಆದಿವಾಸಿ ಹೆಂಗಸರಿಗೆ ಉತಾರವಿರದು. ಅವರ ಬುಟ್ಟಿಯೇ ಉತಾರವೆಂದು ತಿಳಿದು ಬಾಗಿಲು ತೆರೆಯಬೇಕು. ಬಾಡಿಗೆ ಬೇಡ. ಒಂದು ಸರಿಯಾದ ತಕ್ಕಡಿ, ದರ ಬರೆಯಲೊಂದು ಹಲಗೆ, ಕುಡಿಯುವ ನೀರು, 'ಟಾಕಳಾ ಎಂದರೆ ತಗಚೆ, ತಜಂಕ್' ಎಂದು ಮೂರು ಭಾಷೆಗಳಲ್ಲಿ ಬರೆದ ಒಂದು ಪಟ್ಟಿ, ಹೆಂಗಸರಿಗೆ ಶೌಚಾಲಯದ ಬೀಗದಕೈ ಇಷ್ಟು ಒದಗಿಸಿದರೆ ಸಾಕು. ಕೊನೆಯದನ್ನು ಮರೆಯಬಾರದು, ಬೆಳಗಿನ ಮೂರು ಗಂಟೆಗೆ ಮನೆ ಬಿಟ್ಟು ಬರುವ ಹೆಂಗಸರಿಗೆ ಈ ನಗರದ ಫುಟ್‌ಪಾತು ಕೊಡದಿರುವುದು ಅದನ್ನೇ.

ಮಳೆಗಾಲಕ್ಕೆ ಮೊದಲು ಯಾವುದಾದರೊಂದು ಸಂಘವು ತನ್ನ ಸಮಿತಿಯ ಸಭೆಯಲ್ಲಿ ಈ ವಿಷಯವನ್ನು ಎತ್ತಿ ಎರಡು ಮಧ್ಯಾಹ್ನಗಳನ್ನು ಗೊತ್ತುಮಾಡಿದಲ್ಲಿ, ಸ್ಥಳ, ದಿನ, ಸಮಯಗಳನ್ನು ನಮ್ಮ ಪತ್ರಿಕೆಯ ಎರಡನೆಯ ಪುಟದಲ್ಲಿ ಶುಲ್ಕವಿಲ್ಲದೆ ಪ್ರತಿ ವಾರವೂ ಪ್ರಕಟಿಸುವೆವು. ಹೊಟೇಲುಗಳಲ್ಲಿ ಪತ್ರಿಕೆ ಗಲ್ಲೆಯ ಬಳಿಯಲ್ಲಿಯೇ ಉಳಿದುಬಿಡುವುದುಂಟು. ಆ ಪುಟವನ್ನು ಮಾತ್ರ ಯಜಮಾನರು ಕತ್ತರಿಸಿ ಅಡುಗೆಮನೆಯ ಬಾಗಿಲಿಗೆ ಅಂಟಿಸಬೇಕೆಂದು ವಿನಂತಿ.